ತಣ್ಣೀರುಬಾವಿಯ ಕಡವು

ಬಂದರಿನ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕಿತು
ಜೆಪ್ಪು ಸೆಮಿನರಿಯ ಮುದ್ರೆಯಿದ್ದ ಗ್ರೀಕ್ ವ್ಯಾಕರಣ,
ಗೆದ್ದಲು ತಿಂದು ಉಳಿಸಿದ ಅರ್ಧ.
ಅಂಚಿನಲ್ಲಿ ಯಾರೋ ಹುಡುಗನ ಪೆನ್ಸಿಲು:
ಆಜ್ ತಾಪ್ ಆಸಾ. ಇವತ್ತು ಜ್ವರ.
ಅದರ ಕೆಳಗೆ, ಜ್ವರದಲ್ಲೂ ಬಿಡದೆ,
ಸಾಲಿನ ನೆತ್ತಿಗೆ ಗುರುತು: ಉದ್ದ, ಗಿಡ್ಡ, ಗಿಡ್ಡ.

ಗುರು ಲಘು ಲಘು.
ಭಗಣವಲ್ಲವೇ ಇದು, ಎಂದುಕೊಂಡೆ,
ಯಮಾತಾರಾಜದಲ್ಲಿ ಸದಾ ಫೇಲಾದ ವಿಜ್ಞಾನ ಟೀಚರು ನಾನು.
ಸುಲ್ತಾನ್ ಬತ್ತೇರಿಯ ಫೆರಿಯೂ ಅದನ್ನೇ ಹೇಳುತ್ತಿತ್ತು:
ಡುಂ ಟಕ ಡುಂ ಟಕ,
ಆಚೆ ದಡಕ್ಕೆ ಐದು ನಿಮಿಷ.

ಅವರ ಹಳೆಯ ಹಾಡುಗಳಲ್ಲಿ ಭೂಮಿಯ ಸುತ್ತ ಒಂದು ನದಿ,
ತಿರುಗಿ ತನ್ನೊಳಗೇ ಬಂದು ಬೀಳುವ ನದಿ,
ದೇವರುಗಳಿಗೂ ಅದೇ ಅಜ್ಜ.
ಯಾವ ನಕ್ಷತ್ರಕ್ಕೆ ದೋಣಿ ಇಳಿಸಬೇಕು,
ಯಾವುದಕ್ಕೆ ದಡಕ್ಕೆಳೆದು ಕವುಚಿ ಹಾಕಬೇಕು,
ಎಲ್ಲ ಹಾಡಿನಲ್ಲೇ ಗಂಟು ಕಟ್ಟಿ ಇಟ್ಟಿದ್ದರಂತೆ.

ಆಮೇಲೆ ನಮ್ಮದರಂಥದೇ ಒಂದು ಬಂದರಿನಲ್ಲಿ,
ಹಗ್ಗ, ರಾಳ, ಒಣಮೀನಿನ ನಡುವೆ
ಒಬ್ಬ ನಿಂತು ನೋಡಿದ.
ಅಜ್ಜನ ಹೆಸರನ್ನು ಮೆಲ್ಲಗೆ ಕಳಚಿ ಪಕ್ಕಕ್ಕಿಟ್ಟ.
ನೀರು ಉಳಿಯಿತು.
ಎಲ್ಲವೂ ನೀರೇ, ಎಂದ.

ಬೀಕರ್ ಇಲ್ಲ, ಬರ್ನರ್ ಇಲ್ಲ.
ಬಾಯಿಪಾಠವಿದ್ದ ಸಾಲು, ಅದರಲ್ಲಿ ಒಂದು ಹೆಸರು ಕಡಿಮೆ, ಅಷ್ಟೆ.
ಅವನ ನಂತರದವರು ಕವಿಗಳನ್ನು ಬೈದರು, ಸುಳ್ಳರೆಂದರು.
ಕೆಲವರು ಬೈದದ್ದೂ ಗುರು ಲಘು ಲಘುವಿನಲ್ಲೇ.
ತಾಯಿಯೊಡನೆ ಜಗಳಕ್ಕೆ ಬೇರೆ ಭಾಷೆ ಎಲ್ಲಿಂದ ತರುವುದು?

ಚುಕ್ಕಾಣಿ ಹಿಡಿದ ಲೋಕಯ್ಯ ಕಾಂಚನರನ್ನು ಕೇಳಿದೆ,
ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಇವತ್ತು?
ಅವರು ಗಡಿಯಾರ ನೋಡಲಿಲ್ಲ.
ಅಮ್ಮ ಬಲೆ ಹೆಣೆಯುವಾಗ ಹೇಳುತ್ತಿದ್ದದ್ದನ್ನು
ತುಳುವಿನಲ್ಲಿ ಗುನುಗಿ, ಬೆರಳಿನ ಗೆಣ್ಣಿನ ಮೇಲೆ ತಿಥಿ ಓಡಿಸಿ,
ಒಂದು ಕಡೆ ನಿಂತು, "ನಾಲ್ಕಕ್ಕೆ" ಎಂದರು.

ಎಂಟನೇ ಕ್ಲಾಸು, ಮೂರನೇ ಪಿರಿಯಡ್. ಪಾಠ ಬೇರೆಯೇ ಇತ್ತು.
ಎಲ್ಲವೂ ನೀರೇ, ಎಂದೆ.
ಹಿಂದಿನ ಬೆಂಚಿನಿಂದ ಸಫೂರಾ ಎದ್ದಳು,
ಕೈಯಲ್ಲಿ ಕಂಪಾಸ್ ಬಾಕ್ಸಿನ ಮುಚ್ಚಳ:
"ಹಾಗಾದರೆ ಬೆಂಕಿ, ಟೀಚರ್?"

ಎರಡೂವರೆ ಸಾವಿರ ವರ್ಷ ತಡವಾಗಿ ಬಂದವಳು.
ಹಾಜರಿ ಹಾಕಿದೆ.

ನಾಲ್ಕೂ ಹತ್ತಕ್ಕೆ ಜೆಟ್ಟಿಯ ಕಂಬ
ಪಾಚಿಯ ಕೆಳಗಿನವರೆಗೂ ಬೆತ್ತಲೆ.
ಇಂಜಿನ್ ಹಟ ಹಿಡಿದಿತ್ತು.
ಲೋಕಯ್ಯ ಹಗ್ಗ ಜಗ್ಗಿದರು.
ಡುಂ, ಅಂತು.
ಟಕ ಬರುವವರೆಗೆ
ಎಲ್ಲರೂ ಬ್ಯಾಗು ಮಡಿಲಲ್ಲಿಟ್ಟು ಕಾದೆವು.