ಮೂವತ್ತಾರು ಮಿಲಿಮೀಟರ್

ಪೀಣ್ಯ ಎರಡನೇ ಹಂತ, ಮೋರಿ ಪಕ್ಕದ ಶೆಡ್ಡು.
ರೋಲರುಗಳ ಮೇಲೆ ಮಲಗಿದೆ ಪಾತ್ರೆ.
ಪಾತ್ರೆ ಅಂತಲೇ ಅನ್ನುತ್ತೇವೆ, ಅನ್ನ ಬೇಯದಿದ್ದರೂ;
ಒಳಗೆ ಆನೆಯೊಂದು ಮಂಡಿಯೂರಿ ಕೂರಬಹುದು.

ಗೋಡೆಯ ದಪ್ಪ ಮೂವತ್ತಾರು.
ಮೂವತ್ತೆಂಟು ಮೀರಿದ್ದರೆ ಮಾತೇ ಇಲ್ಲ, ಕುಲುಮೆಗೆ.
ಮೂವತ್ತೆರಡರೊಳಗಿದ್ದರೆ
ಇಷ್ಟು ಹೊತ್ತಿಗೆ ನಾನು ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು
ಸೊಪ್ಪು ಆರಿಸುತ್ತಿದ್ದೆ.
ನಡುವೆ ಆರು ಮಿಲಿಮೀಟರಿನ ಓಣಿ,
ಕಿರುಬೆರಳೂ ತೂರದ್ದು.
ನಿಯಮ ಅಲ್ಲಿ ನಿಂತು ಒಂದೇ ಒಂದು ಕೇಳುತ್ತದೆ:
ಬೆಸೆಯುವ ಮುಂಚೆ ಉಕ್ಕನ್ನು
ತೊಂಬತ್ತೈದಕ್ಕೆ ಕಾಯಿಸಿದಿರಾ?

ಕಾಯಿಸಿದ್ದೇವೆ, ಅನ್ನುತ್ತದೆ ಹಾಳೆ.
ಉದ್ದನೆಯ ಬೆಸುಗೆ, ತೊಂಬತ್ತೆಂಟು.
ಸುತ್ತಿನದು ಒಂದು, ತೊಂಬತ್ತೆಂಟು.
ಸುತ್ತಿನದು ಎರಡು, ತೊಂಬತ್ತೆಂಟು.
ಒಂದೇ ಪೆನ್ನು, ಒಂದೇ ಓರೆ,
ಕೂತಲ್ಲೇ ಬರೆದ ಮೂರು ರಾತ್ರಿಗಳು.

ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದೆ.
ತೂತಿಲ್ಲ, ಬಿರುಕಿಲ್ಲ, ಸಾಸಿವೆಯಷ್ಟು ಕಿಟ್ಟವಿಲ್ಲ.
ಆದರೆ ಸೆಳೆತ ಫಿಲ್ಮಿಗೆ ಬೀಳುವುದಿಲ್ಲ.
ಕರಗಿದ್ದು ಕುಗ್ಗಲು ಹೊರಟಾಗ
ಪಕ್ಕದ ತಣ್ಣನೆ ತಗಡು ಬಿಡಲಿಲ್ಲ;
ಆ ಜಗ್ಗಾಟ ಜಗ್ಗಾಟವಾಗಿಯೇ ಹೆಪ್ಪುಗಟ್ಟಿ
ಮೇಲೆ ಬಣ್ಣ ಬಳಿಸಿಕೊಳ್ಳಲು ಕಾದಿದೆ.

ಮುನಿಸಂಜೀವಪ್ಪನವರು ಎರಡು ಸಲ ಬಂದು ಹೋದರು.
"ಹಾಳೆ ಇದೆಯಲ್ಲಮ್ಮ, ಸಹಿ ಹಾಕಿ.
ಕುಲುಮೆ ಇರೋದು ಹೊಸಕೋಟೆ ಆಚೆ. ಕ್ರೇನು, ಲಾರಿ, ಡೀಸೆಲ್ಲು.
ಫ್ಲೇಂಜಿನ ಮುಖ ಒರೆದು ಕನ್ನಡಿ ಮಾಡಿದ್ದೀವಿ,
ಬೇಯಿಸಿದರೆ ಮತ್ತೆ ಲೇತು."
ಸುಳ್ಳೇನಲ್ಲ. ಶನಿವಾರ ಸಂಬಳ ಬೇರೆ.

ಚೌರಪ್ಪ ಟೀ ಲೋಟ ಹಿಡಿದು ಬಂದ.
ಮೂರು ಬೆಸುಗೆಯೂ ಅವನ ಕೈಯವೇ;
ಅವನ ಗುರುತಿನ ಸಂಖ್ಯೆ ಪಕ್ಕದಲ್ಲೇ ಒತ್ತಿದೆ.
"ಎರಡನೇ ಸುತ್ತು, ಮೇಡಂ. ರಾತ್ರಿ ಎರಡು ಗಂಟೆ, ಆ ಚಳಿ.
ಗ್ಯಾಸು ಮುಗೀತು. ಬಳಪ ಗೀಚಿದೆ, ಕರಗಲಿಲ್ಲ.
ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು."
"ಇಡೋಕಾಯ್ತಾ ಅಂಗೈ?"
"ಆಯ್ತು."
ಟೀ ಕೆನೆ ಕಟ್ಟಿತು.
ಆಮೇಲೆ ಅವನೇ,
"ತೊಂಬತ್ತೆಂಟಾಗಿದ್ರೆ ಚರ್ಮ ಅಲ್ಲೇ ಉಳೀತಿತ್ತು, ಅಲ್ವಾ?"

ಒಂದು ತೊಂಬತ್ತೆಂಟರ ಮೇಲೆ ಗೆರೆ ಎಳೆದೆ.
ಯಾರು ಹೇಳಿದರು ಅಂತ ಬರೆಯುವ ಜಾಗ ಹಾಳೆಯಲ್ಲಿಲ್ಲ,
ಪುಣ್ಯಕ್ಕೆ.

ಹೊಸಕೋಟೆಯ ಕುಲುಮೆ ಎರಡು ದಿನದ ಮೇಲೆ ಸಿಕ್ಕಿತು.
ನಾನೂರು ದಾಟಿದ ಮೇಲೆ ಅವಸರ ಕೂಡದು;
ಕಾಗದದ ಮೇಲೆ ಮುಳ್ಳು ಬಸುರಿಯ ಹಾಗೆ ಏರು ಹತ್ತಿತು.
ಆರುನೂರರ ಹತ್ತಿರ ಒಂದೂವರೆ ಗಂಟೆ ನಿಂತಿತು.
ಒಳಗೆ ಏನೋ ಕೈ ಸಡಿಲಿಸಿರಬೇಕು.
ಸದ್ದು ಮಾಡಲಿಲ್ಲ. ಮಾಡುವುದಿಲ್ಲ.

ಹಾಗೇ ಕಳಿಸಿದ್ದರೂ ಮೂವತ್ತು ವರ್ಷ ಬಾಳುತ್ತಿತ್ತೇನೋ.
ಸೀಳಲಿಲ್ಲ ಅನ್ನುವುದು
ನಾನು ಸರಿ ಅನ್ನುವುದಕ್ಕೆ ಸಾಕ್ಷಿಯಲ್ಲ.
ಮುನಿಸಂಜೀವಪ್ಪ ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾರೆ.
ಲೇತಿನವನ ಬಿಲ್ಲು ಮಾತ್ರ
ನನ್ನ ಮೇಜಿಗೇ ಬರುತ್ತದೆ,
ಮೇಲೆ ಭಾರಕ್ಕೆ
ಕರಗದೆ ಉಳಿದ ಒಂದು ಬಳಪ.