ಹದಿನೇಳಕ್ಕೆ ಹದಿನೇಳು

ಹಂಪನಕಟ್ಟೆಯ ಝೆರಾಕ್ಸ್ ಅಂಗಡಿಯಲ್ಲಿ
ಫ್ಲೇವಿಯಾ ಬಾಯಿ ಕನ್ನಡಕದ ಮೇಲಿಂದ ನೋಡಿದರು.
ದಪ್ಪ ಕಾರ್ಡು, ನಲವತ್ತೆರಡು ಹಾಳೆ,
ಇದೇನು ಮನೆಯ ನಕ್ಷೆಯಾ?
ಅಲ್ಲ ಬಾಯಿ, ಎದೆಗವಚ.
ಓಹೋ, ಅಂದರು.
ಯಾರ ಮೇಲೆ ಯುದ್ಧ ಎಂದು ಕೇಳಲಿಲ್ಲ.
ಹಾಳೆಗೆ ಹತ್ತರಂತೆ ನಾನೂರ ಇಪ್ಪತ್ತು,
ಹೇಳಿ ತಾವೇ ನಕ್ಕರು.

ಹಗಲೆಲ್ಲ ಪಂಪ್‌ವೆಲ್ಲಿನ ಟಯರ್ ಅಂಗಡಿಯಲ್ಲಿ
ಬಿಲ್ಲು ಬರೆಯುವವನು ನಾನು.
ಬಿಲ್ಲು ಹಿಡಿದವನಿಗೆ ಕವಚ ಬೇಡವೇ?

ಬೋಳೂರಿನ ಎರಡು ಕೋಣೆಯ ಮನೆ.
ನೆಲದ ಮೇಲೆ ಹರಡಿದರೆ
ಹೊಲಿಗೆ ಬಿಚ್ಚಿದ ಮನುಷ್ಯ.
ಎಲ್ಲಿ ಭುಜ, ಎಲ್ಲಿ ಪಕ್ಕೆ, ತಿಳಿಯದು;
ಪ್ರತಿ ಅಂಚಿಗೂ ಒಂದೊಂದು ನಂಬ್ರ.
ಹದಿನೇಳಕ್ಕೆ ಹದಿನೇಳೇ ಅಂಟಬೇಕು.
ಚುಕ್ಕಿಗೆರೆ ಕಂಡರೆ ಒಳಗೆ ಮಡಿಸು,
ತುಂಡುಗೆರೆ ಕಂಡರೆ ಹೊರಗೆ.
ಮಾಡಿ ಪಳಗಿದವರು ಹೇಳಿದ್ದರು, ಮೊದಲು ಚಿಕ್ಕದು ಮಾಡು,
ಮುಂಗೈಯ ಪಟ್ಟಿ, ಮೊಣಕಾಲ ಚಿಪ್ಪು.
ಕೇಳಿದೆನೇ?
ಸೀದಾ ಎದೆಗೇ ಕೈ ಹಾಕಿದೆ.

ಕಡಲ ಗಾಳಿ ಕಾಗದಕ್ಕೆ ಆಗದು.
ರಾತ್ರಿ ಅಂಟಿಸಿದ್ದು ಬೆಳಿಗ್ಗೆ
ನೆನೆದ ಹಪ್ಪಳದ ಹಾಗೆ ಸೊಟ್ಟ.
ಮಡಿಕೆ ಬಿರಿದು, ಗೋಂದು ಬೆರಳಿಗೇ ಹತ್ತಿ,
ನಿದ್ದೆಗಣ್ಣಲ್ಲಿ ಹದಿನೇಳು ಹೋಗಿ
ಎಪ್ಪತ್ತೊಂದನ್ನು ಕಟ್ಟಿಕೊಂಡಿತ್ತು.

ಬಾಗಿಲ ಬೆಳಕಿಗೆ ಅಮ್ಮ ಕೂತಿದ್ದಳು,
ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪು,
ಎಲೆಯ ಮೇಲೆ ತಗಡಿನ ಅಳತೆ ಇಟ್ಟು
ಕತ್ತರಿ ಸರ್, ಸರ್.
ಮೂವತ್ತೊಂದು ವರ್ಷದ ಬೀಡಿ.
ನನ್ನನ್ನು ನೋಡಿ ನೋಡಿ ಸಾಕಾಗಿ
ಇತ್ತ ಕೊಡು, ಅಂದಳು.
ನೀನು ಕತ್ತರಿ ತಿರುಗಿಸ್ತಿ ಮಾರಾಯ,
ಕತ್ತರಿ ನಿಲ್ಲಬೇಕು, ಎಲೆ ತಿರುಗಬೇಕು.
ಮಡಿಸುವ ಮೊದಲು ಉಗುರಲ್ಲಿ ಗೀರು;
ಎಲ್ಲಿ ಬಗ್ಗಬೇಕು ಅಂತ
ಅದಕ್ಕಾದರೂ ಯಾರು ಹೇಳ್ತಾರೆ?

ಹನ್ನೆರಡು ಹಾಳೆಗೆ ನನಗೆ ನಾಲ್ಕು ದಿನ.
ಉಳಿದ ಮೂವತ್ತು, ಐತಾರದ ಸಂಜೆಯೊಳಗೆ
ಅವಳ ಹೆಬ್ಬೆರಳ ಕೆಳಗೆ ಸುಮ್ಮನೆ ಮಡಿದು ಕೂತವು.
ಬ್ರಾಂಚಿನ ಚೆಕ್ಕರ್ ಬಂದಿದ್ದರೂ
ಒಂದನ್ನೂ ಆಚೆ ಎಸೆಯುತ್ತಿರಲಿಲ್ಲ.

ಒಣಗಿತು. ಹಾಕಿ ನೋಡಿದೆ.
ತೋಳು ತೂರಲಿಲ್ಲ,
ಗಂಟಲಲ್ಲಿ ಸಿಕ್ಕಿದ ಬಂಗುಡೆ ಮುಳ್ಳಿನ ಹಾಗೆ
ನಾನೇ ಅದರಲ್ಲಿ ಸಿಕ್ಕಿಕೊಂಡೆ.
ಎದೆಯ ಸುತ್ತಳತೆ ಹಿಡಿಯದೆ
ಇದ್ದದ್ದನ್ನು ಇದ್ದ ಹಾಗೆ ಪ್ರಿಂಟು ಹೊಡೆಸಿದವನು,
ಅಳತೆ ಗೊತ್ತಿಲ್ಲದ ಬೆಪ್ಪುತಕ್ಕಡಿ.
ಸ್ಪರ್ಧೆಗೆ ಇನ್ನು ಹದಿನಾರೇ ದಿನ.

ಅಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ,
ನೋಡುವಾ, ಎಂದು ತಲೆ ತೂರಿಸಿದಳು.

ಕೂತಿತು.
ಭುಜಕ್ಕೆ ಭುಜ, ಪಕ್ಕೆಗೆ ಪಕ್ಕೆ,
ಹದಿನೇಳಕ್ಕೆ ಹದಿನೇಳು.
ರಟ್ಟು ಬಗ್ಗಲು ಬಿಡುವುದಿಲ್ಲವಲ್ಲ,
ಗೆರಸೆಯ ಕಡೆಗೇ ಬಾಗಿಹೋಗಿದ್ದ ಬೆನ್ನು
ಒಂದೊಂದೇ ಗಂಟು ಎಣಿಸಿಕೊಂಡು
ನೆಟ್ಟಗಾಯಿತು.
ಇಷ್ಟು ಎತ್ತರವಾ ನೀನು?
ಕಪಾಟಿನ ಕನ್ನಡಿಗೆ ಅಡ್ಡ ನಿಂತು ಕೇಳಿದಳು,
'ಎಂಚ ತೋಜುವೆ?'
ಹೇಗೆ ಕಾಣುತ್ತಾಳೆಂದು ಹೇಳಲು
ನನ್ನಲ್ಲಿ ತುಳುವೂ ಇರಲಿಲ್ಲ, ಕನ್ನಡವೂ.

ನಾಳೆ ದೋಣಿ ದಾಟಿ ಬೆಂಗ್ರೆಗೆ.
ಅಬ್ಬೋನಾಕನ ಬೋಟಿನ ಶೆಡ್ಡಿನಲ್ಲಿ ರೆಸಿನ್ ಇದೆ.
ಹೊರಗೆ ಎರಡು ಕೋಟು, ಒಳಗೆ ಫೈಬರಿನ ಹಾಸು,
ಮೂಗಿಗೆ ಮಾಸ್ಕು ಕಟ್ಟು,
ಗಾಳಿ ಬರುವ ಕಡೆ ನಿಂತು ಬಳಿ ಎಂದಿದ್ದಾರೆ.
ಅಳಿವೆಯ ಅಲೆಯನ್ನೇ ತಡೆಯುವ ಸಾಮಾನು,
ಮನುಷ್ಯರ ಬೆವರು ತಡೆಯದೇ?
ನನ್ನದಕ್ಕೆ ಹೊಸ ಅಳತೆ, ಮತ್ತೆ ಫ್ಲೇವಿಯಾ ಬಾಯಿ,
ಮತ್ತೊಂದು ನಾನೂರ ಇಪ್ಪತ್ತು.

ಅಮ್ಮ ಇನ್ನೂ ಬಿಚ್ಚಿಲ್ಲ.
ತೊಟ್ಟುಕೊಂಡೇ ಕೂತು
ನಾಳೆಯ ಎಲೆಗೆ ನೀರು ಚಿಮುಕಿಸುತ್ತಿದ್ದಾಳೆ,
ತೋಳು ಉದ್ದಕ್ಕೆ ಚಾಚಿ,
ಒಂದು ಹನಿಯೂ ತನಗೆ ತಾಗದ ಹಾಗೆ.