ಮೂರು ಬೆರಳು

ಮಧ್ಯಾಹ್ನ ಮೂರೂಕಾಲು. ಪೆನ್ಷನ್ ಮೊಹಲ್ಲಾದ ಬಿಸಿಲು
ಅರ್ಧ ಇಳಿಸಿದ ಶಟರಿನಡಿ ತೂರಿ
ಕಟಿಂಗ್ ಮಿಷಿನ್ನಿನ ಪಾದಕ್ಕೆ ಬಂದು ನಿಂತಿದೆ.
ಪರದೆಯ ಮೇಲೆ ಕಲ್ಲೇಗೌಡರ ಮಗಳ ಮದುವೆ
ಕೆಟ್ಟು ಕೂತಿದೆ.

ಅರ್ಕಾವೊತ್ತುಗಳೆಲ್ಲ ಎದ್ದು ಹೋಗಿವೆ,
ಹೇಳದೆ ಕೇಳದೆ.
ಸುಮುಹೂರ್ತ ಈಗ ಸುಮುಹೂತ.
ಕರ್ಕಾಟಕ ಲಗ್ನ, ಕಕಾಟಕ.
ಕೀರ್ತನ ಎಂಬ ಹುಡುಗಿ ಕೀತನಳಾಗಿ
ಗಣಪತಿಯ ಕೆಳಗೆ ತಲೆ ತಗ್ಗಿಸಿದ್ದಾಳೆ.

'ನಮ್ಮ ಮಗೀಗೆ ಈ ಹೆಸರಿಟ್ಟೋರು ಯಾರವ್ವ?'
ಗೌಡರು ಎರಡನೇ ಟೀ ಊದುತ್ತ ಕೇಳುತ್ತಾರೆ.
ಸಿಟ್ಟಿಲ್ಲ. ಆದರೆ ಐದಕ್ಕೆ ಹೆರಗಿನ ಬಸ್ಸಿದೆ.

ಅಕ್ಷರ ತಿದ್ದುವ ಪಟ್ಟಿಯೇ ಕಾಣುತ್ತಿಲ್ಲ.
ತೆರೆದೇ ಇದೆಯಲ್ಲ ಅನ್ನುತ್ತದೆ ಮೆನು,
ರೈಟ್ ಗುರುತು ತೋರಿಸಿ.
ಎಲ್ಲಿ?
ಎರಡನೇ ಮಾನಿಟರಿನಲ್ಲಿ.
ಅದನ್ನು ಸಾಬರು ಲಾಕ್‌ಡೌನಿನಲ್ಲಿ ಮಾರಿ
ಕರೆಂಟು ಬಿಲ್ಲು ಕಟ್ಟಿದ್ದರು.
ಈಗಲ್ಲಿ ಗೋಡೆ, ಒಂದು ಮೊಳೆ,
ಆಲೂಗಡ್ಡೆ ಮಂಡಿಯ ಕ್ಯಾಲೆಂಡರು.
ಸಾಫ್ಟ್‌ವೇರು ಮಾತ್ರ ದಿನಾ ಬೆಳಿಗ್ಗೆ
ಆ ಗೋಡೆಯ ಮೇಲೆ ಪಟ್ಟಿಗಳನ್ನು ಒಪ್ಪವಾಗಿ ಹರಡಿ
ಯಾರನ್ನೋ ಕಾಯುತ್ತದೆ.

ಆಫ್ ಮಾಡಿ ಆನ್ ಮಾಡಿದೆ. ಫಾಂಟು ತೆಗೆದು ಹಾಕಿದೆ.
ಫಕ್ರುದ್ದೀನ್ ಸಾಬರು ಬಿಸ್ಮಿಲ್ಲಾ ಎಂದು
ಸಿಪಿಯುವಿನ ನೆತ್ತಿಗೆ ಎರಡು ತಟ್ಟಿದರು.
ಧೂಳು ಬಂತು. ಅರ್ಕಾವೊತ್ತು ಬರಲಿಲ್ಲ.

ಹಿಂದಿನ ಬಾಗಿಲಿಗೆ ಹೋಗಿ
ದಾಕ್ಷಾಯಿಣಕ್ಕನಿಗೆ ಫೋನು ಹಚ್ಚಿದೆ.
ಹಚ್ಚಬಾರದು. ಹನ್ನೊಂದು ವರ್ಷ ಈ ಕುರ್ಚಿಯಲ್ಲಿ ಕೂತವಳು
ಹೋದ ಯುಗಾದಿಗೆ ಎದುರು ಸಾಲಲ್ಲೇ ಅಂಗಡಿ ತೆರೆದಳು.
ಅವಳ ಹೆಸರೆತ್ತಿದರೆ ಸಾಬರು
ರೇಡಿಯೋ ಜೋರು ಮಾಡುತ್ತಾರೆ.

'ನಂದೇ ತಪ್ಪಿರಬೇಕು ಕಣೆ. ಎಷ್ಟೊಂದು
ಅಭ್ಯಾಸ ಕಲಿಸಿದೀನಿ ಅದಕ್ಕೆ, ಒಂದೊಂದು
ಮದುವೇಗೆ ಒಂದೊಂದು. ಹೊರೆ ಜಾಸ್ತಿಯಾಗಿದೆ. ಮರೆಸು.
ಐಕಾನು ಒತ್ತಿದ ತಕ್ಷಣ ಮೂರು ಬೆರಳು:
ಕಂಟ್ರೋಲು, ಆಲ್ಟು, ಶಿಫ್ಟು. ಬಿಡಬೇಡ.
ಅಳಿಸಲೇ ಅಂತ ಕೇಳುತ್ತೆ, ಹೂಂ ಅನ್ನು.
ಒಂದು ಬೆರಳು ತಡವಾದರೂ
ಹಳೇದನ್ನೇ ಹೊತ್ಕೊಂಡು ಬರುತ್ತೆ.'

ಆಮೇಲೆ ಸುಮ್ಮನಾದಳು. ಅವಳ ಕಡೆಯಿಂದಲೂ
ಪ್ರಿಂಟರು ಕಾಗದ ನುಂಗುವ ಸದ್ದು.

'ಅದಕ್ಕೂ ಮುಂಚೆ ಒಂದು ಫೈಲು ಪಕ್ಕಕ್ಕೆ ಎತ್ತಿಡು.
ನಾನು ಸೇರಿಸಿದ ಊರುಗಳು ಅದರಲ್ಲಿವೆ.
ದುದ್ದ, ಕಟ್ಟಾಯ, ಅಂಬುಗ, ಮೊಸಳೆ ಹೊಸಹಳ್ಳಿ...
ಅದರ ಪ್ರಕಾರ ನಮ್ಮೂರುಗಳೆಲ್ಲ ತಪ್ಪು,
ಕೆಂಪು ಗೆರೆ ಎಳೀತಿತ್ತು. ಇದು ಊರು,
ಇದೂ ಊರು ಅಂತ
ಒಂದೊಂದಾಗಿ ಒಪ್ಪಿಸಿದೀನಿ.'

ಎತ್ತಿಟ್ಟೆ. ಒತ್ತಿದೆ.
'ಪೂಜಾರ್ರೂ ಹಿಂಗೇ ಹಿಡೀತಾರೆ ಬೆರಳ'
ಅಂದರು ಗೌಡರು.
ನಕ್ಕೆ. ಕಿರುಬೆರಳು ಜಾರಿತು.
ಹಳೆಯದೇ ಬಂತು, ಕೀತನಳ ಸಮೇತ.

ಎರಡನೇ ಸಲ ಯಾರೂ ಮಾತಾಡಲಿಲ್ಲ.
ಪರದೆ ಕೇಳಿತು. ಹೂಂ ಅಂದೆ.

ಬಂತು. ಏನೂ ಗೊತ್ತಿಲ್ಲ ಅದಕ್ಕೆ.
ಅಳತೆ ಪೈಕಾದಲ್ಲಿ ಹೇಳುತ್ತದೆ,
ಕಾಗದ ಇನ್ಯಾವುದೋ ದೇಶದ್ದು.
ಪಟ್ಟಿಗಳು ಗೋಡೆಯಿಂದಿಳಿದು
ಬಲಗಡೆ ಸಾಲಾಗಿ ನಿಂತಿವೆ.
ಕಾರ್ಡು ತೆರೆದೆ: ಕೀರ್ತನ.
ಗೌಡರು ಕನ್ನಡಕ ಏರಿಸಿ ಎರಡು ಸಲ ಓದಿ,
ಹೂಂ, ಇವಳೇ, ಅಂದರು.

ಒಂದು ಪ್ರೂಫು ತೆಗೆದು ಕತ್ತರಿಸಿದರು ಸಾಬರು.
ಎಡದಂಚಿನಲ್ಲಿ ಬಾಳೆಕಂಬ ಅರ್ಧ ಹೋಗಿತ್ತು.
ಈ ಮಿಷಿನ್ನಿನ ಬ್ಲೇಡು ತುಸು ಎಡಕ್ಕೆ ವಾಲುತ್ತದೆ.
ಅದು ನನಗೆ ಗೊತ್ತಿರಲಿಲ್ಲ.
ಗೊತ್ತಿದ್ದದ್ದನ್ನು
ಈಗಷ್ಟೇ ಅಳಿಸಿದ್ದೆ.

ಸಾಬರು ಕಾರ್ಡನ್ನು ಬೆಳಕಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡಿದರು.
'ಎಡಕ್ಕೆ ಹನ್ನೊಂದು ಮಿಲಿಮೀಟರ್ ಬಿಡಬೇಕು' ಅಂದರು,
ನನ್ನ ಕಡೆ ನೋಡದೆ.

ರೇಡಿಯೋದ ಹತ್ತಿರವೇ ನಿಂತಿದ್ದರು. ಮುಟ್ಟಲಿಲ್ಲ.
ಹನ್ನೊಂದು ಅಂತ ಹೊಡೆದೆ.
ಹೊರಗೆ ಗೌಡರು ಹಣ ಎಣಿಸುತ್ತ
ಮತ್ತೆ ತಪ್ಪಿ, ಮೊದಲಿಂದ ಎಣಿಸುತ್ತಿದ್ದರು.